ಅಂಬಾಬಾಯಿಯವರ ದಫ್ತರದ ಹದಿನಾಲ್ಕು ಹಳ್ಳಿಗಳು

ಕೋಲಾರ ಸೀಮೆಯಲ್ಲಿ ಹವಾಮಾನ ಬದಲಾವಣೆಯ ರಾಜಕಾರಣ ಹೇಗೆ ಬೆಳೆಯಿತೆಂಬ ಚರಿತ್ರೆಯನ್ನು ಮುಂದೊಂದು ದಿನ ಯಾರಾದರೂ ಬರೆಯುವುದಾದರೆ, ಅದರ ಮೊದಲ ಅಧ್ಯಾಯದ ತುಂಬ ಒಬ್ಬರೇ ಕಾಣಿಸುತ್ತಾರೆ. ಮುಳಬಾಗಿಲಿನ ‘ಹಿಡಿರಾಗಿ ಸಂಘ’ದ ಸ್ಥಾಪಕರೂ ಇಪ್ಪತ್ತೇಳು ವರ್ಷಗಳ ಅಧ್ಯಕ್ಷರೂ ಆದ ಶ್ರೀಮತಿ ಅಂಬಾಬಾಯಿಯವರೇ ಅವರು. ಕೆರೆ, ಮರ, ಹೊಗೆ ಎನ್ನುವ ಪರಿಸರ ಸಂಘಟನೆಗಳು ಒಂದು ಕಡೆ, ಗಂಜಿ, ಔಷಧಿ, ಶಾಲೆ ಎನ್ನುವ ಸೇವಾಸಂಸ್ಥೆಗಳು ಇನ್ನೊಂದು ಕಡೆ ನಿಂತು, ಎದುರು ಸಿಕ್ಕರೆ ನಮಸ್ಕಾರ ಹೇಳಿ ಸರಿದುಹೋಗುತ್ತಿದ್ದ ದಿನಗಳಲ್ಲಿ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಒಂದೇ ಮನವಿಗೆ ಸಹಿ ಹಾಕಿಸಿದ ಹಿರಿಮೆ ಅವರದು. ಎಪ್ಪತ್ತು ತುಂಬಿದ ಅವರು ಈ ಬೇಸಿಗೆಯಲ್ಲಿ, ಅಂದರೆ 2008ರಲ್ಲಿ, ಸಂಘದ ಹೊಣೆಯಿಂದ ನಿವೃತ್ತರಾಗುತ್ತಿದ್ದಾರೆ. ಇಂಥವರಿಗೆ ಅಭಿನಂದನ ಗ್ರಂಥ ಅರ್ಪಿಸುವುದು ಎಲ್ಲ ರೀತಿಯಿಂದಲೂ ಯೋಗ್ಯವೆಂದು ಊರಿಗೆ ಊರೇ ಹೇಳುತ್ತಿದೆ.

ಈ ಲೇಖನ ಬರೆಯುತ್ತಿರುವ ಕೋದಂಡರಾಮಪ್ಪನಿಗೆ ಮಾತ್ರ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತದೆ. ತನ್ನನ್ನು ತಾನೇ ‘ಅವನು’ ಎಂದು ಬರೆದುಕೊಳ್ಳುವುದು ಓದುಗರಿಗೆ ವಿಚಿತ್ರವಾಗಿ ಕಾಣಬಹುದು. ‘ನಾನು’ ಎಂದು ಎರಡು ಸಲ ಕರಡು ಬರೆದು ನೋಡಿದ್ದಾಯಿತು. ಎರಡರಲ್ಲೂ ಆ ‘ನಾನು’ ಮೂರನೆಯ ಪುಟಕ್ಕೆಲ್ಲ ತನ್ನ ಪರವಾಗಿ ವಕಾಲತ್ತು ವಹಿಸಿಕೊಂಡುಬಿಟ್ಟ. ಆದ್ದರಿಂದ ಅವನನ್ನು ದೂರ ನಿಲ್ಲಿಸಿ, ಏಕವಚನದಲ್ಲಿ ಕರೆದು, ಆತ ಮಾಡಿದ್ದನ್ನು ಮಾಡಿದ ಹಾಗೆಯೇ ಹೇಳುವುದೆಂದು ತೀರ್ಮಾನವಾಗಿದೆ. ಕೋದಂಡರಾಮಪ್ಪ ದೇವರಾಯಸಮುದ್ರದ ರೈತ ಮನೆತನದವನು, ಮುಳಬಾಗಿಲಿನಲ್ಲಿ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರಾಗಿದ್ದವನು, ‘ಪರಿಸರ ಬಳಗ’ದ ಕಾರ್ಯದರ್ಶಿ. 2001ರಲ್ಲಿ ಅವನು ನಿವೃತ್ತನಾದಾಗ ಒಂದು ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟಿದ್ದರು. ಗಡಿಯಾರ ಆಷಾಢಕ್ಕೆ ನಿಂತುಹೋಯಿತು. ಗ್ರಂಥದ ಮಾತನ್ನು ಯಾರೂ ಎತ್ತಿರಲಿಲ್ಲ.

ಅಂಬಾಬಾಯಿಯವರು ಮುಳಬಾಗಿಲಿನ ಹಳೆಯ ಮಾಧ್ವ ಮನೆತನಕ್ಕೆ ಸೇರಿದವರು. ಚಿಕ್ಕ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡು ಅಂಚೆ ಕಚೇರಿಯ ನೌಕರಿಗೆ ಸೇರಿದ ಅವರು, 1981ರಲ್ಲಿ ಅಕ್ಕಪಕ್ಕದ ಹತ್ತು ಮನೆಗಳ ಹೆಂಗಸರನ್ನು ಕೂಡಿಸಿಕೊಂಡು ಹಿಡಿರಾಗಿ ಸಂಘವನ್ನು ಆರಂಭಿಸಿದರು. ಸಂಘದ ಪದ್ಧತಿ ಬಹಳ ಸರಳವಾದದ್ದು. ಸೇರಿದ ಪ್ರತಿ ಮನೆಯ ಜಗುಲಿಯ ಮೇಲೆ ಒಂದು ಸಣ್ಣ ಗಡಿಗೆ. ಬೆಳಿಗ್ಗೆ ಮುದ್ದೆಗೆ ಹಿಟ್ಟು ತೆಗೆಯುವ ಮೊದಲು ಮನೆಯಾಕೆ ಅದಕ್ಕೊಂದು ಹಿಡಿ ರಾಗಿ ಹಾಕಬೇಕು. ಶನಿವಾರ ಸಂಘದ ಹೆಂಗಸರು ಬಂದು ಸುರಿದುಕೊಂಡು ಹೋಗುತ್ತಾರೆ. ಯಾವ ಮನೆಯಲ್ಲಿ ಹಾಕುವುದಕ್ಕೆ ಏನೂ ಇಲ್ಲವೋ ಆ ಮನೆಯವರು ಗಡಿಗೆಯನ್ನು ಬೋರಲು ಹಾಕಿಟ್ಟರೆ ಸಾಕು. ಬಂದವರು ಏಕೆ ಎಂದು ಕೇಳುವಂತಿಲ್ಲ, ಮುಖ ನೋಡುವಂತಿಲ್ಲ. ಗಡಿಗೆಯನ್ನು ನೆಟ್ಟಗೆ ಮಾಡಿ ಎರಡು ಸೇರು ರಾಗಿ ತುಂಬಿ ಮುಂದಿನ ಮನೆಗೆ ನಡೆಯಬೇಕು. ಕೊಡುವ ಮನೆಯೂ ಪಡೆಯುವ ಮನೆಯೂ ಒಂದೇ ಪಟ್ಟಿಯಲ್ಲಿರುವುದರಿಂದ ಯಾರಿಗೂ ಕೈಚಾಚಿದ ಸಂಕಟವಿರಲಿಲ್ಲ. ಕ್ರಮೇಣ ಇದು ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ತಾಲ್ಲೂಕುಗಳ ಅರವತ್ತೆರಡು ಹಳ್ಳಿಗಳಿಗೆ ಹರಡಿತು. ಅಂಚೆ ಕಚೇರಿಯ ಶಿಸ್ತಿನ ಅಂಬಾಬಾಯಿಯವರು ಯಾವ ವಾರ ಯಾವ ಹಳ್ಳಿಯಲ್ಲಿ ಎಷ್ಟು ಗಡಿಗೆ ಬೋರಲಾಗಿತ್ತೆಂಬುದನ್ನು ದಪ್ಪ ರಟ್ಟಿನ ದಫ್ತರವೊಂದರಲ್ಲಿ ಬರೆದಿಡುತ್ತಿದ್ದರು. ಮನೆಯವರ ಹೆಸರು ಅದರಲ್ಲಿ ಎಲ್ಲಿಯೂ ಇರುತ್ತಿರಲಿಲ್ಲ.

ಕೋದಂಡರಾಮಪ್ಪನ ಬಳಿಯೂ ಒಂದು ದಫ್ತರವಿತ್ತು. 1979ರಿಂದ ಶಾಲೆಯ ಅಂಗಳದ ಮಳೆಮಾಪಕವನ್ನು ಬೆಳಿಗ್ಗೆ ಎಂಟೂವರೆಗೆ ನೋಡಿ, ಭಾನುವಾರವೆನ್ನದೆ ಹಬ್ಬವೆನ್ನದೆ ಅವನು ಬರೆದಿಟ್ಟ ಮಳೆಯ ದಫ್ತರ ಅದು. ತೊಂಬತ್ತೆರಡರಿಂದ ಅವನು ಭೂಮಿಯ ಬಿಸಿ ಏರುತ್ತಿರುವ ವಿಷಯ ಓದತೊಡಗಿ, ಊರೂರಿಗೆ ಹೋಗಿ ಬಟ್ಟೆಯ ಮೇಲೆ ಚಿತ್ರ ಬರೆದು ತೋರಿಸಿ ಭಾಷಣ ಮಾಡುತ್ತಿದ್ದ. ಇಂಗಾಲದ ಡೈಆಕ್ಸೈಡ್ ಎನ್ನುವ ಹೊತ್ತಿಗೆ ಮೊದಲ ಸಾಲು ಆಕಳಿಸುತ್ತಿತ್ತು, ಮೀಥೇನ್ ಎನ್ನುವ ಹೊತ್ತಿಗೆ ಕೊನೆಯ ಸಾಲು ಎದ್ದು ಹೋಗಿರುತ್ತಿತ್ತು. ಆದರೂ ಈ ಜಿಲ್ಲೆಯಲ್ಲಿ ಆ ವಿಷಯ ತಿಳಿದವನು ತಾನೊಬ್ಬನೇ ಎಂಬ ಹೆಮ್ಮೆ ಅವನಿಗಿತ್ತು. ಆ ಹೆಮ್ಮೆಯೇ ಅವನ ಊಟ, ನಿದ್ದೆ ಎಲ್ಲವೂ ಆಗಿತ್ತು.

1997ರಲ್ಲಿ ಬೆಂಗಳೂರಿನಿಂದ ವಂಶಿಕೃಷ್ಣ ಎಂಬ ಯುವಕರು ಬಂದರು. ರಾಜ್ಯದ ಹಲವು ಪರಿಸರ ಸಂಘಟನೆಗಳು ಸೇರಿ ಕಟ್ಟಿದ ಹವಾಮಾನ ವೇದಿಕೆಯೊಂದರ ಸಂಚಾಲಕರು ಅವರು. ಬರೀ ಪರಿಸರದವರ ಸಹಿ ಇರುವ ಮನವಿಯನ್ನು ಸರ್ಕಾರ ಪಕ್ಕಕ್ಕಿಡುತ್ತದೆ, ಬಡವರ ನಡುವೆ ಕೆಲಸ ಮಾಡುವ ಸಂಸ್ಥೆಗಳೂ ಜೊತೆಗೆ ನಿಂತರೆ ಪಕ್ಕಕ್ಕಿಡುವುದು ಕಷ್ಟವಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ಕೋದಂಡರಾಮಪ್ಪ ಹದಿನೆಂಟು ವರ್ಷದ ಮಳೆಯ ದಫ್ತರವನ್ನು ಅವರ ಮುಂದಿಟ್ಟ. ವಂಶಿಕೃಷ್ಣ ನಾಲ್ಕು ಹಾಳೆ ತಿರುವಿ, “ತುಂಬಾ ಚೆನ್ನಾಗಿದೆ ಸಾರ್, ಇದು ನಮಗೆ ಹವಾಮಾನ ಇಲಾಖೆಯಿಂದಲೂ ಸಿಗತ್ತೆ” ಎಂದರು. ಆಮೇಲೆ ಇಬ್ಬರೂ ಅಂಬಾಬಾಯಿಯವರ ಮನೆಗೆ ಹೋದರು. ಅವರ ದಫ್ತರ ನೋಡಿದ ವಂಶಿಕೃಷ್ಣ ಎರಡು ಗಂಟೆ ತಲೆ ಎತ್ತಲಿಲ್ಲ. ಎಂಬತ್ತರ ದಶಕದಲ್ಲಿ ಜ್ಯೇಷ್ಠ, ಆಷಾಢಗಳಲ್ಲಿ ಬೋರಲಾಗುತ್ತಿದ್ದ ಗಡಿಗೆಗಳು ಈಚೆಗೆ ಸುಗ್ಗಿ ಮುಗಿದ ಬೆನ್ನಿಗೇ, ಪುಷ್ಯ ಮಾಸದಲ್ಲೇ ಬೋರಲಾಗುತ್ತಿವೆ ಎಂಬುದು ಅಲ್ಲಿ ಹಳ್ಳಿ ಹಳ್ಳಿಯ ಹೆಸರಿನ ಸಮೇತ ಕಾಣುತ್ತಿತ್ತು. “ಇಂಥದ್ದು ಯಾವ ಇಲಾಖೆಯಲ್ಲೂ ಇಲ್ಲ ಅಮ್ಮಾ” ಎಂದು ಅವರು ಕೈಮುಗಿದರು. ಪಕ್ಕದಲ್ಲಿ ಕುಳಿತಿದ್ದ ಕೋದಂಡರಾಮಪ್ಪನ ಮುಖ ಹೇಗಿತ್ತೋ ಅವನಿಗೆ ತಿಳಿಯದು. ಎದೆಯಲ್ಲಿ ಏನಾಯಿತೆಂಬುದು ಚೆನ್ನಾಗಿ ನೆನಪಿದೆ. ಮಳೆಗೆ ಬೆಲೆಯಿಲ್ಲ, ಮಡಕೆಗೆ ಬೆಲೆ ಎಂದು ಅವನು ದಾರಿಯುದ್ದಕ್ಕೂ ಗೊಣಗಿಕೊಂಡ.

ಹೀಗೆ ಬಳಗವೂ ಸಂಘವೂ ಸೇರಿದ ಒಕ್ಕೂಟ ಹುಟ್ಟಿತು. ಅದರ ಮೊದಲ ಸಭೆಯಲ್ಲೇ ಮಾಲೂರಿನ ಇಟ್ಟಿಗೆ ಗೂಡುಗಳ ಮಾತು ಬಂತು. ಗೂಡುಗಳನ್ನು ಕೂಡಲೇ ಮುಚ್ಚಿಸಬೇಕೆಂಬ ಒಂದೇ ಸಾಲಿನ ಬೇಡಿಕೆಯನ್ನು ಕೋದಂಡರಾಮಪ್ಪ ಗಂಭೀರವಾಗಿ ಓದಿದ. ಅಂಬಾಬಾಯಿಯವರು ಗೂಡಿನಲ್ಲಿ ಇಟ್ಟಿಗೆ ಹೊರುವ ಮುನಿಶಾಮಮ್ಮ ಎಂಬಾಕೆಯನ್ನು ಸಭೆಗೆ ಕರೆತಂದಿದ್ದರು. ಆಕೆ ಎದ್ದು ನಿಂತು, “ಆ ಹೊಗೆ ಕುಡಿಯೋರು ನಾವು ಸಾರ್. ಬೇಕು ಅನ್ನೋಕೆ ನಮಗೇನು ಹುಚ್ಚಾ? ಆದ್ರೆ ಮಳೆಗಾಲ ಬಂದು ಗೂಡು ನಿಂತ್ರೆ ನಮ್ ಒಲೇನೂ ನಿಂತೋಗುತ್ತೆ. ಅದನ್ನ ಯಾರು ಬರೀತೀರಾ?” ಎಂದಳು. ಅಂಬಾಬಾಯಿಯವರು ಅವನ ಕಡೆ ತಿರುಗಿ, “ಮೇಷ್ಟ್ರೇ, ಮುಚ್ಚಿ ಅಂತ ಒಂದ್ ಸಾಲು ಬರೆಯೋದು ಸುಲಭ. ಮುಚ್ಚಿದ್ಮೇಲೆ ಇವರನ್ನ ಎಲ್ಲಿಗೆ ಕಳಿಸ್ತೀರಿ ಅನ್ನೋದನ್ನೂ ಅದರ ಕೆಳಗೇ ಬರೀರಿ” ಎಂದರು. ಕಡಿಮೆ ಸೌದೆ ಸುಡುವಂತೆ ಗೂಡುಗಳನ್ನು ಸುಧಾರಿಸಬೇಕು, ಕೆಲಸ ನಿಲ್ಲುವ ತಿಂಗಳುಗಳಲ್ಲಿ ಕೂಲಿ ಕುಟುಂಬಗಳಿಗೆ ಪಡಿ ಸಿಗಬೇಕು ಎಂದು ಮನವಿ ಬದಲಾಯಿತು. ಅದು ಮೊದಲಿನದಕ್ಕಿಂತ ಸಾವಿರ ಪಾಲು ಮೇಲಾದ ಮನವಿ. ಅದನ್ನೇ ಅವನಿಗೆ ಸಹಿಸಲಾಗಲಿಲ್ಲ.

ಅಲ್ಲಿಂದ ಮುಂದಿನ ಐದು ವರ್ಷ ಅವನು ಅಸೂಯೆಯನ್ನು ಮಳೆಯಷ್ಟೇ ನಿಷ್ಠೆಯಿಂದ ಅಳೆದ. ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೊದಲು ಎಂಬ ಪ್ರಶ್ನೆ ಬಂದಾಗ, ತಾನು ದೊಡ್ಡ ಮನಸ್ಸಿನವನೆಂದು ತೋರಿಸಿಕೊಳ್ಳಲು ಅಕಾರಾದಿಯಾಗಿ ಹಾಕೋಣವೆಂದು ಸೂಚಿಸಿದ. ಅಚ್ಚಾಗಿ ಬಂದ ಮೇಲೆ ಅಂಬಾಬಾಯಿ ಎಂಬ ಹೆಸರು ಎಂದೆಂದಿಗೂ ತನಗಿಂತ ಮೇಲೆಯೇ ಇರುತ್ತದೆಂದು ಹೊಳೆಯಿತು. ನಂಗಲಿಯ ಹೆದ್ದಾರಿ ಬದಿಯಲ್ಲಿ ಲಾರಿಯವರಿಗಾಗಿ ನಡೆದ ಸಭೆಯಲ್ಲಿ ಅವನು ಬಟ್ಟೆಯ ಚಿತ್ರ ಬಿಡಿಸಿ ಮುಕ್ಕಾಲು ಗಂಟೆ ಬೆವರಿದ ಮೇಲೆ ಅವರು ಎದ್ದು, “ಹಸಿ ಸೌದೆ ಒಲೆಗಿಟ್ಟು, ಅಡುಗೆಮನೆ ಕಿಟಕಿ ಬಾಗಿಲು ಎಲ್ಲಾ ಹಾಕ್ಕೊಂಡು ಕೂತ್ರೆ ಹೇಗಿರತ್ತೆ? ಈಗ ಇಡೀ ಭೂಮೀಗೆ ಹಾಗೆ ಮಾಡ್ತಾ ಇದೀವಿ ಕಣ್ರಪ್ಪಾ, ಅಷ್ಟೇ” ಎಂದು ಕುಳಿತರು. ಚಿತ್ತೂರು ಕಡೆಯ ಚಾಲಕನೊಬ್ಬ ತನ್ನ ತೆಲುಗಿನಲ್ಲಿ “ನಿಜಮೇ ಕದಮ್ಮಾ”, ನಿಜವೇ ಅಲ್ಲವೇ ಅಮ್ಮಾ, ಎಂದು ತಲೆದೂಗಿದ. ಆ ಅಡುಗೆಮನೆಯ ಮಾತು ತನಗೇಕೆ ಹೊಳೆಯಲಿಲ್ಲವೆಂದು ಕೋದಂಡರಾಮಪ್ಪ ವಾರವಿಡೀ ಕೈ ಕೈ ಹಿಸುಕಿಕೊಂಡ.

ಇಷ್ಟಾದರೂ ಅವರ ಉಪಕಾರಗಳನ್ನು ಮರೆಯುವಂತಿಲ್ಲ. 1999ರಲ್ಲಿ ಅವನ ಪತ್ನಿ ಶಾಮಲಮ್ಮ ಕೋಲಾರದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದಾಗ, ಅಂಬಾಬಾಯಿಯವರು ಪ್ರತಿದಿನ ಮುಳಬಾಗಿಲಿನಿಂದ ಮೊದಲ ಬಸ್ಸಿಗೆ ಡಬ್ಬಿ ಹಿಡಿದು ಬಂದರು. ರೋಗಿಗೆ ಮೆತ್ತಗಿನ ಅನ್ನ, ಮೇಷ್ಟ್ರಿಗೆ ಹುಳಿ ಅನ್ನ ಎಂದು ಬೇರೆ ಬೇರೆ ಕಟ್ಟಿ ತರುತ್ತಿದ್ದರು. ಅವನ ಬಳಗದ ಒಬ್ಬನೇ ಒಬ್ಬ ಸದಸ್ಯನೂ ಆ ಕಡೆ ತಲೆಹಾಕಿರಲಿಲ್ಲ. ಐದನೆಯ ದಿನ ಕೋದಂಡರಾಮಪ್ಪ ಊಟ ಮಾಡುತ್ತಲೇ, ಇವರಿಗೆ ಎಲ್ಲದರಲ್ಲೂ ಮುಂದಿರಬೇಕೆಂಬ ಚಪಲವೆಂದು ಗೊಣಗಿದ. ಶಾಮಲಮ್ಮ ಮಲಗಿದಲ್ಲಿಂದಲೇ, “ಆಯಮ್ಮ ತಂದ ಅನ್ನ ಬಾಯಲ್ಲಿಟ್ಕೊಂಡೇ ಆಯಮ್ಮನ ಮೇಲೆ ಉರ್ಕೊಳ್ತೀರಲ್ಲ, ಮೊದ್ಲು ನುಂಗಿ” ಎಂದಳು. ಅವನು ನುಂಗಿದ. ಉರಿ ಮಾತ್ರ ಹಾಗೆಯೇ ಇತ್ತು.

ಈಗ ಹೇಳಬೇಕಾದ ಸಂಗತಿ 2002ರದು. ಆ ವರ್ಷ ಅಕ್ಟೋಬರ್ ಕೊನೆಗೆ ದೆಹಲಿಯಲ್ಲಿ ಹವಾಮಾನದ ದೊಡ್ಡ ಸಮ್ಮೇಳನವಿತ್ತು. ಅದರ ಹೊರಗೆ ದೇಶದ ನಾನಾ ಕಡೆಯ ಸಂಘಟನೆಗಳು ಸೇರುವ ಸಭೆಗೆ ಜಿಲ್ಲೆಗೊಬ್ಬರನ್ನು ಕಳಿಸುವುದೆಂದು ವೇದಿಕೆ ನಿರ್ಧರಿಸಿತು. ಗಡಿಗೆಗಳ ಲೆಕ್ಕದ ಸಾರಾಂಶ ಕಳಿಸಿ, ಅದು ಗಟ್ಟಿಯಾಗಿದ್ದರೆ ಅಂಬಾಬಾಯಿಯವರು ಬರಲಿ, ಇಲ್ಲವಾದರೆ ಮಳೆಯ ಲೆಕ್ಕ ಹಿಡಿದು ಮೇಷ್ಟ್ರು ಬರಲಿ ಎಂದು ವಂಶಿಕೃಷ್ಣ ಬರೆದರು. ಅಂಬಾಬಾಯಿಯವರು ದಫ್ತರವನ್ನು ಅವನ ಕೈಗಿತ್ತು, “ನಿಮ್ಮ ಅಕ್ಷರ ಮುದ್ದಾಗಿದೆ, ನೀವೇ ಪ್ರತಿ ಮಾಡಿ ಮೇಷ್ಟ್ರೇ” ಎಂದರು. ತಮ್ಮ ಪ್ರವಾಸವನ್ನು ತಾವೇ ಅವನ ಕೈಗೆ ಕೊಟ್ಟಂತಾಯಿತೆಂಬ ಯೋಚನೆಯೂ ಅವರಿಗೆ ಬಂದಂತಿರಲಿಲ್ಲ.

ಮೂರನೆಯ ಸಂಜೆ ಪ್ರತಿ ಮಾಡುತ್ತಿದ್ದಾಗ ಅವನ ಕೈ ನಿಂತಿತು. ಹದಿನಾಲ್ಕು ಹಳ್ಳಿಗಳ ಹೆಸರಿನ ಎದುರು ಕೆಂಪು ಶಾಯಿಯಲ್ಲಿ ‘ನೀಲಗಿರಿ’ ಎಂದೂ, ಪಕ್ಕದಲ್ಲಿ 1983, 84, 85 ಎಂದೂ ಬರೆದಿತ್ತು. ನೀಲಗಿರಿ ಸಸಿ ನೆಡಿ, ಬರಡು ಹಸಿರಾಗುತ್ತದೆ ಎಂದು ಸರ್ಕಾರ ಹೇಳುತ್ತಿದ್ದ ಆ ವರ್ಷಗಳಲ್ಲಿ, ತನ್ನ ವಿದ್ಯಾರ್ಥಿಗಳನ್ನು ಸಾಲುಗಟ್ಟಿ ಕರೆದೊಯ್ದು, ಊರವರನ್ನೂ ಕೂಡಿಸಿಕೊಂಡು ಆ ಹದಿನಾಲ್ಕೂ ಹಳ್ಳಿಗಳ ಹೊಲದ ಬದಿ, ಗೋಮಾಳ, ಕೆರೆಯ ಅಂಗಳಗಳಲ್ಲಿ ನೀಲಗಿರಿ ನೆಡಿಸಿದವನು ಕೋದಂಡರಾಮಪ್ಪನೇ. ನೆಟ್ಟ ಗಿಡಗಳು ಹತ್ತೇ ವರ್ಷದಲ್ಲಿ ನೀರು ಹೀರಿಕೊಂಡು ಬೆಳೆದವು, ಬಾವಿಗಳು ಒಣಗಿದವು. ಬಾವಿ ಒಣಗಿದ ಹಳ್ಳಿಗಳ ಜನ ಮಾಲೂರಿನ ಗೂಡುಗಳಿಗೆ ಕೂಲಿಗೆ ಹೋದರು, ಆ ಗೂಡುಗಳಲ್ಲಿ ಉರಿಯುತ್ತಿದ್ದದ್ದೂ ಇದೇ ನೀಲಗಿರಿಯ ಸೌದೆ. ಮುನಿಶಾಮಮ್ಮನ ಊರೂ ಆ ಹದಿನಾಲ್ಕರಲ್ಲಿ ಒಂದು. ಗೂಡಿನ ಹೊಗೆಯ ವಿರುದ್ಧ ಎಷ್ಟೋ ಭಾಷಣ ಮಾಡಿದವನು ಆ ಹೊಗೆಗೆ ಸೌದೆ ಒದಗಿಸಿದವನೂ ಆಗಿದ್ದ. ಇದು ಅವನಿಗೆ ಗೊತ್ತಿತ್ತು, ಊರಿಗೆ ಮರೆತಿದೆಯೆಂದು ನಂಬಿದ್ದ. ಈಗ ಕೆಂಪು ಶಾಯಿ ನೋಡಿ ಆ ನಂಬಿಕೆ ಮುರಿಯಿತು. ಈಕೆ ಎಲ್ಲವನ್ನೂ ಬಲ್ಲರು, ಇಷ್ಟು ವರ್ಷ ಬರೆದಿಟ್ಟುಕೊಂಡು ಕಾದಿದ್ದಾರೆ, ದೆಹಲಿಯ ಸಭೆಯಲ್ಲಿ ತನ್ನ ಮಾನ ಹರಾಜು ಹಾಕುತ್ತಾರೆ ಎಂದುಕೊಂಡ. ಅಸೂಯೆ ಇದ್ದವನಿಗೆ ಎದುರಿನವರ ಪ್ರತಿ ಅಕ್ಷರವೂ ತನ್ನನ್ನು ಕುರಿತೇ ಬರೆದಂತೆ ಕಾಣುತ್ತದೆ.

ಅವನು ಆ ಹದಿನಾಲ್ಕು ಹಳ್ಳಿಗಳನ್ನು ಬಿಟ್ಟು ನಲವತ್ತೆಂಟನ್ನು ಮಾತ್ರ ಪ್ರತಿ ಮಾಡಿದ. ನೆಪವೂ ಸಿದ್ಧವಾಗಿತ್ತು: ನೀಲಗಿರಿಯಿಂದ ಬಾವಿ ಒಣಗಿದ್ದನ್ನು ಹವಾಮಾನದ ಲೆಕ್ಕಕ್ಕೆ ಸೇರಿಸುವುದು ಶಾಸ್ತ್ರೀಯವಲ್ಲ. ವಿಜ್ಞಾನ ಆ ದಿನ ಅವನ ಪರವಾಗಿತ್ತು, ಅವನು ಮಾತ್ರ ವಿಜ್ಞಾನದ ಪರವಾಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಗಡಿಗೆ ಬೋರಲಾಗಿದ್ದ ಹಳ್ಳಿಗಳೇ ಬಿಟ್ಟುಹೋದ ಮೇಲೆ ಉಳಿದ ಲೆಕ್ಕ ಸಪ್ಪೆಯಾಯಿತು. ಸಾರಾಂಶ ಅಷ್ಟು ಗಟ್ಟಿಯಿಲ್ಲ, ಕೂಲಿ ಕುಟುಂಬಗಳ ಪಡಿಯ ಬೇಡಿಕೆಗೆ ಸಾಕಷ್ಟು ಆಧಾರ ಕಾಣುತ್ತಿಲ್ಲ, ಈ ಸಲಕ್ಕೆ ಅದನ್ನು ಕೈಬಿಡೋಣ, ಮೇಷ್ಟ್ರೇ ಬರಲಿ ಎಂದು ಬೆಂಗಳೂರಿನಿಂದ ಉತ್ತರ ಬಂತು. ಅಂಬಾಬಾಯಿಯವರು ಆ ಪತ್ರವನ್ನೂ ಅದರ ಜೊತೆ ಬಂದ ಪ್ರತಿಯನ್ನೂ ಓದಿ ಮಡಿಸಿಟ್ಟು, ದೆಹಲಿಯ ಚಳಿಗೆಂದು ತಮ್ಮ ಪತಿಯ ಹಳೆಯ ಉಣ್ಣೆಯ ಕೋಟು ತೆಗೆದುಕೊಟ್ಟರು.

ದೆಹಲಿಯಲ್ಲಿ ಅವನು ಏಳು ನಿಮಿಷ ಮಾತನಾಡಿದ. ಮಳೆಯ ಅಂಕಿಗಳೆಲ್ಲ ಸರಿಯಾಗಿದ್ದವು. ಒರಿಸ್ಸಾದ ಒಬ್ಬ ಹೆಂಗಸು, ಇದರಿಂದ ನಿಮ್ಮ ಕಡೆ ಉಪವಾಸ ಬಿದ್ದವರು ಯಾರು ಎಂದು ಕೇಳಿದಾಗ, ಆ ಪ್ರಶ್ನೆಗೆ ಉತ್ತರ ಮುಳಬಾಗಿಲಿನ ದಫ್ತರದಲ್ಲಿತ್ತು. ಊರಿಗೆ ಮರಳಿದ ಮೇಲೆ ಬಸ್ ನಿಲ್ದಾಣದಲ್ಲಿ ಮುನಿಶಾಮಮ್ಮ ಎದುರಾಗಿ, “ಡೆಲ್ಲೀಲಿ ನಮ್ ವಿಷ್ಯ ಹೇಳಿದ್ರಾ ಸಾರ್?” ಎಂದಳು. “ಹೇಳಿದೆನಮ್ಮಾ” ಎಂದ. ಮುಂದಿನ ಮಳೆಗಾಲದಲ್ಲಿ ಪಡಿ ಬರಲಿಲ್ಲ. ಅವಳು ಮಕ್ಕಳನ್ನು ಕಟ್ಟಿಕೊಂಡು ಹೊಸೂರಿನ ಕಡೆ ಕಟ್ಟಡದ ಕೆಲಸಕ್ಕೆ ಹೋದವಳು ಮತ್ತೆ ಒಕ್ಕೂಟದ ಸಭೆಗೆ ಬಂದಿಲ್ಲ.

ದೆಹಲಿಯಿಂದ ಮರಳಿದ ಆ ನವೆಂಬರಿನಲ್ಲೇ ಕೋಲಾರದಲ್ಲಿ ಸೇರಿದ ಸಭೆಯಲ್ಲಿ ವಂಶಿಕೃಷ್ಣ, ಅರವತ್ತೆರಡು ಹಳ್ಳಿಗಳಿದ್ದವಲ್ಲ, ಸಾರಾಂಶದಲ್ಲಿ ನಲವತ್ತೆಂಟೇ ಏಕೆ ಎಂದು ಕೇಳಿಬಿಟ್ಟರು. ಕೋದಂಡರಾಮಪ್ಪ ‘ಶಾಸ್ತ್ರೀಯವಲ್ಲ’ ಎಂಬ ನೆಪ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಂಬಾಬಾಯಿಯವರು, “ಅವನ್ನ ಬಿಡಿ ಅಂತ ನಾನೇ ಹೇಳಿದ್ದೆ ವಂಶಿ. ಆ ಹಳ್ಳಿಗಳದ್ದು ಬೇರೆ ಕತೆ, ಇನ್ನೊಂದ್ಸಲ ನೋಡೋಣ” ಎಂದರು. ಅವರು ಹಾಗೆ ಹೇಳಿಯೇ ಇರಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ತನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು ಅದರಲ್ಲೂ ಮೇಲಾಗಿ ನಿಂತರಲ್ಲ ಎಂದು, ಹೇಳಲು ನಾಚಿಕೆಯಾಗುತ್ತದೆ, ಅವನು ಅವರನ್ನು ಮೊದಲಿಗಿಂತ ಹೆಚ್ಚು ದ್ವೇಷಿಸಿದ.

2004ರಲ್ಲಿ ಅವರೇ ಬಂದು, “ಆ ಹದಿನಾಲ್ಕು ಹಳ್ಳೀಗೂ ಹೋಗೋಣ ಬನ್ನಿ ಮೇಷ್ಟ್ರೇ, ನೀವೂ ನಾನೂ” ಎಂದರು. ಪ್ರತಿ ಸೋಮವಾರ ಬೆಳಿಗ್ಗೆ ಆರರ ಬಸ್ಸಿಗೆ ಇಬ್ಬರೂ ಹೊರಟು, ಹೊಲದವರ ಮನವೊಲಿಸಿ, ನೀಲಗಿರಿಯನ್ನು ಬೇರುಸಮೇತ ಕೀಳಿಸಿ, ಹೊಂಗೆ, ಹುಣಸೆ ಇಡಿಸುವ ಕೆಲಸ ಹೀಗೆ ಆರಂಭವಾಯಿತು. ಹೆಂಗಸರ ಬಳಿ ಅವರು ಮಾತನಾಡುತ್ತಿದ್ದರು, ಗಂಡಸರ ಬಳಿ ಇವನು. ನಾಲ್ಕು ವರ್ಷದಲ್ಲಿ ಒಂಬತ್ತು ಹಳ್ಳಿಗಳು ತೆರವಾಗಿವೆ. ಎರಡು ಹಳ್ಳಿಗಳ ಬಾವಿಯಲ್ಲಿ ಮತ್ತೆ ಬಿಂದಿಗೆ ಮುಳುಗುತ್ತಿದೆ. 2005ರಲ್ಲಿ ಅರವತ್ತೆರಡೂ ಹಳ್ಳಿಗಳ ಪೂರ್ಣ ಲೆಕ್ಕ ವೇದಿಕೆಗೆ ಹೋಗಿ, ಅದರ ನೆರವಿನಿಂದ ಕೂಲಿ ಕುಟುಂಬಗಳಿಗೆ ಮಳೆಗಾಲದ ಪಡಿ ಕೊಡುವ ಏರ್ಪಾಡಾಯಿತು. ಆಗಬೇಕಾದದ್ದಕ್ಕಿಂತ ಮೂರು ಮಳೆಗಾಲ ತಡವಾಗಿ ಆಯಿತು. ಪತ್ರಿಕೆಯಲ್ಲಿ ‘ಅಂಬಾಬಾಯಿ ನೇತೃತ್ವದಲ್ಲಿ ನೀಲಗಿರಿ ತೆರವು’ ಎಂದು ಚಿತ್ರಸಹಿತ ಸುದ್ದಿ ಬಂತು. ಕೋದಂಡರಾಮಪ್ಪ ‘ಮತ್ತಿತರರು ಉಪಸ್ಥಿತರಿದ್ದರು’ ಎಂಬ ಸಾಲಿನಲ್ಲಿದ್ದ. ಆ ತುಣುಕನ್ನು ಅವನು ಕತ್ತರಿಸಿಟ್ಟುಕೊಂಡಿದ್ದಾನೆ, ಆಗಾಗ ತೆಗೆದು ನೋಡಿ ಉರಿದುಕೊಳ್ಳುವುದಕ್ಕೆ.

ಕಳೆದ ಫೆಬ್ರವರಿಯಲ್ಲಿ ಈ ಗ್ರಂಥದ ಸಂಪಾದಕಿ ಸಂಹಿತಾ ಮನೆಗೆ ಬಂದು, “ಮೊದಲನೇ ಲೇಖನ ಮೇಷ್ಟ್ರೇ ಬರೀಬೇಕು ಅಂತ ಅಂಬಾಬಾಯಿ ಅಮ್ಮ ಹಟ ಹಿಡಿದಿದಾರೆ ಸಾರ್” ಎಂದರು. ಹಳೆಯ ಇಸವಿಗಳನ್ನು ಕೇಳಿ ತಿಳಿಯುವ ನೆಪದಲ್ಲಿ ಅವನು ಅಂಬಾಬಾಯಿಯವರ ಮನೆಗೆ ಹೋದ. ಅವರು ಕಾಫಿ ಕೊಟ್ಟು, ಕೇಳದೆಯೇ ಆ ಕೆಂಪು ಶಾಯಿಯ ಮಾತು ತೆಗೆದರು.

“ಎಂಬತ್ಮೂರರಲ್ಲಿ ನೀಲಗಿರಿ ನೆಡೋಕೆ ಜನಾನೇ ಬರ್ತಿರಲಿಲ್ಲ ಮೇಷ್ಟ್ರೇ. ಬೆಳಗಿನ ಅಂಬಲಿ ಕೊಟ್ರೆ ಬರ್ತಾರೆ ಅಂತ ಪಂಚಾಯ್ತಿಯವರು ನನ್ನ ಕೇಳಿದ್ರು. ಹದಿನಾಲ್ಕು ಹಳ್ಳೀಗೂ ಅಂಬಲಿ ಕಾಯಿಸಿ ಕಳಿಸಿದ್ದು ನಮ್ಮ ಸಂಘ. ಜನ ನಂಬಿ ಗಡಿಗೆಗೆ ಹಾಕಿದ ರಾಗೀನ ತಗೊಂಡೋಗಿ ಅವರ ಬಾವಿ ಬತ್ತಿಸೋಕೆ ಕೊಟ್ಟೆ. ಮರೀಬಾರ್ದು ಅಂತ ಕೆಂಪು ಶಾಯೀಲಿ ಬರೆದಿಟ್ಕೊಂಡೆ.”

ಆ ಅಂಬಲಿಯನ್ನು ಕೋದಂಡರಾಮಪ್ಪನೂ ಕುಡಿದಿದ್ದ. ಡ್ರಮ್ಮಿನಲ್ಲಿ ಬರುತ್ತಿತ್ತು, ಸರ್ಕಾರದ್ದೆಂದುಕೊಂಡಿದ್ದ. ಬಳಗಕ್ಕೂ ಸಂಘಕ್ಕೂ ಮೈತ್ರಿ ಬೆಸೆದದ್ದು 1997ರಲ್ಲಿ ಎಂದು ಎಲ್ಲ ವರದಿಗಳಲ್ಲಿಯೂ ಬರೆದಿರುವುದು ತಪ್ಪು. ಹದಿನಾಲ್ಕು ವರ್ಷ ಮೊದಲೇ ಇವನ ಸಸಿ, ಅವರ ಅಂಬಲಿ ಸೇರಿ ಹದಿನಾಲ್ಕು ಹಳ್ಳಿಗಳ ನೀರು ಬತ್ತಿಸಿದ್ದವು. ಇಬ್ಬರಿಗೂ ಅದು ಸತ್ಕಾರ್ಯವೆಂದೇ ಕಂಡಿತ್ತು.

ಅವನು ನಿಧಾನಕ್ಕೆ, ಗಿಡ ನೆಡಿಸಿದ್ದು ತಾನಲ್ಲವೇ ಎಂದು ಕೇಳಿದ. “ನೀವು ಸರ್ಕಾರದ ಆರ್ಡರು ಪಾಲಿಸಿದೋರು. ನನಗೆ ಯಾರ ಆರ್ಡರಿತ್ತು?” ಎಂದರು ಅವರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ದೆಹಲೀಗೆ ಕಳಿಸೋ ಪ್ರತೀಲಿ ನೀವು ಆ ಹಳ್ಳಿಗಳನ್ನ ಬಿಟ್ಟಿದ್ದು ನೋಡ್ದಾಗಲೇ ನನಗೆ ಗೊತ್ತಾಯ್ತು. ಸಂಘದ ಮಾನ ಹೋಗ್ಬಾರ್ದು ಅಂತ ಹಾಗೆ ಮಾಡಿದ್ರಿ. ವಂಶಿ ಕೇಳಿದಾಗ ಅದಕ್ಕೇ ನಾನು ಮುಂದೆ ಬಿದ್ದಿದ್ದು; ನನ್ನ ಉಳಿಸೋಕೆ ಹೋಗಿ ನೀವು ಸಿಕ್ಕಾಕ್ಕೋಬಾರ್ದಲ್ಲ. ಇಷ್ಟು ವರ್ಷ ಒಂದ್ ಮಾತೂ ಆಡ್ಲಿಲ್ಲ ನೀವು. ಅಷ್ಟು ದೊಡ್ಡ ಮನಸ್ಸು ನಾನು ಇನ್ನೊಬ್ಬರಲ್ಲಿ ನೋಡಿಲ್ಲ” ಎಂದರು.

ಕೋದಂಡರಾಮಪ್ಪ ಕಾಫಿ ಚೆನ್ನಾಗಿದೆಯೆಂದು ಹೇಳಿ ಲೋಟ ಕೆಳಗಿಟ್ಟು ಎದ್ದು ಬಂದ.

ಆ ಕೆಂಪು ಅಕ್ಷರ ಬರೆಯುವಾಗ ಅವರಿಗೆ ಇವನ ನೆನಪೂ ಬಂದಿರಲಿಲ್ಲ. ಅದರಿಂದಲೂ ಅವನಿಗೆ ಒಂದಿಷ್ಟು ನೋವಾಯಿತೆಂಬುದನ್ನು ಮುಚ್ಚಿಡುವುದು ಬೇಡ. ಆದರೆ ಬಸ್ ನಿಲ್ದಾಣದವರೆಗೆ ನಡೆಯುವಷ್ಟರಲ್ಲಿ ಬೇರೊಂದು ಮಾತು ಅವನ ಎದೆಗೆ ಬಂದು ಕೂತಿತು. ಅವರ ಮಾತು, ಅವರ ದಫ್ತರ, ಜನ ಅವರ ಮೇಲಿಟ್ಟ ಪ್ರೀತಿ, ಎಲ್ಲವೂ ತನಗೆ ಬೇಕೆಂದು ಹತ್ತು ವರ್ಷ ಬೆಂದವನು ಅವನು. ಅವರು ತಾವಾಗಿಯೇ ಅವನಿಗೆ ಕೊಟ್ಟದ್ದು ಒಂದೇ ಒಂದು: ಒಳ್ಳೆಯವನೆಂಬ ಹೆಸರು. ಸುಮ್ಮನಿದ್ದರೆ ಅದು ಕೊನೆಯವರೆಗೂ ಅವನ ಹತ್ತಿರವೇ ಉಳಿಯುತ್ತದೆ. ಅದಕ್ಕೆ ಅವನು ಹಕ್ಕುದಾರನಲ್ಲ.

ಆದ್ದರಿಂದ ಅಂಬಾಬಾಯಿಯವರೇ, ಅಭಿನಂದನೆಯ ದಿನ ಈ ಪುಟ ತಮ್ಮ ಕೈಗೆ ಬಂದಾಗ ತಿಳಿಯಬೇಕಾದದ್ದು ಇಷ್ಟು. ಕೋದಂಡರಾಮಪ್ಪ ಆ ಹದಿನಾಲ್ಕು ಹಳ್ಳಿಗಳನ್ನು ಬಿಟ್ಟದ್ದು ಸಂಘದ ಮಾನಕ್ಕಾಗಿ ಅಲ್ಲ, ತನ್ನ ಮಾನಕ್ಕಾಗಿ. ತಾವು ದೆಹಲಿಗೆ ಹೋಗಬಾರದು, ತಾನೇ ಹೋಗಬೇಕು ಎಂಬ ಆಸೆಗಾಗಿ. ಅಂಬಲಿಯ ವಿಷಯ ಅವನಿಗೆ ಗೊತ್ತೇ ಇರಲಿಲ್ಲ. ಮುನಿಶಾಮಮ್ಮನಿಗೆ ಅವನು ಸುಳ್ಳು ಹೇಳಿದ. ಹೊಸೂರಿನ ಕಡೆ ಹೋಗಿ ಅವಳನ್ನು ಹುಡುಕಿ ಹೇಳಬೇಕಾದ ಮಾತು ಇನ್ನೂ ಬಾಕಿಯಿದೆ.

ತಮಗೆ ಅಧ್ಯಕ್ಷ ಪದವಿಯಿಂದ ನಿವೃತ್ತಿಯಾಗಬಹುದು, ಕೆಲಸದಿಂದ ಆಗಿಲ್ಲ. ಐದು ಹಳ್ಳಿಗಳ ನೀಲಗಿರಿ ನಿಂತ ಹಾಗೆಯೇ ನಿಂತಿದೆ. ಸಮಾರಂಭ ಭಾನುವಾರ, ಮಾರನೆಯ ಸೋಮವಾರ ಬೆಳಿಗ್ಗೆ ಆರಕ್ಕೆ ಎಂದಿನ ಬಸ್ಸಿದೆ. ಆಂಜನೇಯಸ್ವಾಮಿಯ ಕೃಪೆಯಿಂದ ತಾವು ನೂರು ವರ್ಷ ಗಟ್ಟಿಯಾಗಿ ಬಾಳಬೇಕು. ಆ ನೂರರಲ್ಲಿ ಮೊದಲನೆಯ ದಿನವನ್ನು ಈ ಕೋದಂಡರಾಮಪ್ಪನನ್ನು ಬಾಯಿತುಂಬ ಬೈಯುವುದಕ್ಕೆಂದು ತೆಗೆದಿಡಿ. ಅವನು ನಿಲ್ದಾಣದಲ್ಲಿ ಐದೂಮುಕ್ಕಾಲಿಗೇ ಬಂದು ನಿಂತಿರುತ್ತಾನೆ. ತಾವು ಬರುತ್ತೀರೋ ಇಲ್ಲವೋ ಅವನಿಗೆ ಗೊತ್ತಿಲ್ಲ.